ಯಾರ್ಕ್‌ಷೈರ್‌ನ ಮೂರು ಶಿಖರಗಳು: ಕಾಯಿಲೆಯಿಂದ ಚೇತರಿಸಿಕೊಂಡವರ ಜೊತೆ ಸಹಾಯಾರ್ಥ ಚಾರಣ

ಹಾಸನ-ಲೀಡ್ಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಾರ್ಶ್ವವಾಯು ಪೀಡಿತರ ಸಂಸ್ಥೆಯೊಂದಕ್ಕೆ ಹಣ ಸಂಗ್ರಹಿಸಲು ನಮ್ಮ ತಂಡ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಮೂರು ಶಿಖರಗಳ ಚಾರಣ ಕೈಗೊಳ್ಳುತ್ತಿದೆ. ಹಾರ್ಟನ್ ಊರಿನಿಂದ ಹೊರಟು ಪೆನಿಗೆಂಟ್ (694 ಮೀಟರ್), ವರ್ನ್‌ಸೈಡ್ (736 ಮೀಟರ್), ಇಂಗಲ್‌ಬರೋ (723 ಮೀಟರ್) ಬೆಟ್ಟಗಳನ್ನು ಹತ್ತಿಳಿದು ಅದೇ ಊರಿಗೆ ಮರಳಬೇಕು. ಒಟ್ಟು ಸುಮಾರು 39 ಕಿಲೋಮೀಟರ್ ದೂರವನ್ನು 12 ಗಂಟೆಯೊಳಗೆ ಕ್ರಮಿಸುವುದು ಇಲ್ಲಿನ ವಾಡಿಕೆ. ತಂಡದಲ್ಲಿ ಲಕ್ವ ಹೊಡೆದು ಚೇತರಿಸಿಕೊಂಡವರು, ಮೊಣಕಾಲಿನ ಕೆಳಗೆ ಕೃತಕ ಕಾಲು ಧರಿಸುವವರು ಮತ್ತು ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆದವರು ಇದ್ದಾರೆ. ನನಗೆ ಅಂಥ ತೊಂದರೆಯೇನೂ ಇಲ್ಲ. ಕೇಳದೆಯೇ ನೆರವಿಗೆ ಹೋದರೆ ಅವರಿಗೆ ನೋವಾದೀತೇ, ಅವರೇ ಕೇಳಲಿ ಎಂದು ಸುಮ್ಮನಿದ್ದರೆ ಅಪಾಯವಾದೀತೇ ಎಂಬುದು ನನ್ನನ್ನು ಕಾಡುತ್ತಿದೆ. ದಾನಿಗಳಿಗೆ 12 ಗಂಟೆಯ ಮಾತು ಕೊಟ್ಟಾಗಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಬೆಟ್ಟದ ದಾರಿ

ಸರ್, ಮೊದಲು ಆ 12 ಗಂಟೆಯನ್ನೇ ಪರಿಶೀಲಿಸೋಣ. ಗಂಟೆಗೆ 5 ಕಿಲೋಮೀಟರ್ ನಡಿಗೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬ ಲೆಕ್ಕವನ್ನು ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹಾಕಿಕೊಟ್ಟರು. ಈ ದಾರಿಯಲ್ಲಿ ಒಟ್ಟು ಏರು ಸುಮಾರು 1,600 ಮೀಟರ್ ಇರುವುದರಿಂದ, ಎಲ್ಲಿಯೂ ನಿಲ್ಲದೆ ನಡೆಯುವ ಗಟ್ಟಿಮುಟ್ಟಾದವರಿಗೇ ಹತ್ತೂವರೆ ಗಂಟೆ ಬೇಕು. ಊಟ, ನೀರು, ಪಟ್ಟಿ ಬಿಗಿದುಕೊಳ್ಳುವುದು, ಕಾಲುಚೀಲ ಬದಲಿಸುವುದು ಇವಕ್ಕೆಲ್ಲ ಉಳಿಯುವುದು ಒಂದೂವರೆ ಗಂಟೆ ಮಾತ್ರ. ನಿಮ್ಮ ತಂಡಕ್ಕೆ ಅದು ಸಾಲದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕಿರುತ್ತದೆ. ಬೆಳಗಿನ ಐದಕ್ಕೆ ಹೊರಟರೆ ಹದಿನಾರು ಗಂಟೆಗೂ ಹೆಚ್ಚು ಸಮಯ ಸಿಗುತ್ತದೆ. ದಾನಿಗಳಿಗೆ ಈಗಲೇ ಪತ್ರ ಬರೆದು ಗಡುವನ್ನು ಕೈಬಿಡಿ. ಈ ಕಾರಣಕ್ಕೆ ಯಾರೂ ಹಣ ಹಿಂತೆಗೆದುಕೊಳ್ಳಲಾರರು ಎಂಬುದು ನನ್ನ ನಂಬಿಕೆ.

ಎರಡನೆಯದಾಗಿ, ಎಲ್ಲಿ ನಿಲ್ಲಿಸಬಹುದು ಎಂಬುದನ್ನು ಮೊದಲೇ ಗುರುತಿಸಿಕೊಳ್ಳಿ. ಪೆನಿಗೆಂಟ್ ಇಳಿದು ಬಹುದೂರ ನಡೆದ ಮೇಲೆ 24 ಕಮಾನುಗಳ ರೈಲು ಸೇತುವೆಯಿರುವ ರಿಬಲ್‌ಹೆಡ್ ಸಿಗುತ್ತದೆ. ಅಲ್ಲಿ ರಸ್ತೆಯೂ ಇದೆ, ರೈಲು ನಿಲ್ದಾಣವೂ ಇದೆ. ವರ್ನ್‌ಸೈಡ್ ಇಳಿದ ನಂತರ ಚಾಪೆಲ್-ಲೆ-ಡೇಲ್ ಬಳಿ ಮತ್ತೆ ಅದೇ ರಸ್ತೆ ಎದುರಾಗುತ್ತದೆ. ಅಲ್ಲಿಂದ ಇಂಗಲ್‌ಬರೋ ಹತ್ತಲು ಆರಂಭಿಸಿದರೆ ಹಾರ್ಟನ್ ತಲುಪುವವರೆಗೆ ವಾಹನ ಬರುವ ದಾರಿಯಿಲ್ಲ. ಆದ್ದರಿಂದ ಮುಖ್ಯ ತೀರ್ಮಾನವನ್ನು ಚಾಪೆಲ್-ಲೆ-ಡೇಲ್‌ನಲ್ಲಿಯೇ, ಎಲ್ಲರೂ ಕುಳಿತು, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ತೆಗೆದುಕೊಳ್ಳಿ.

ಫಿಸಿಯೋ ಮ್ಯಾಂಚೆಸ್ಟರ್

ನಿಮ್ಮ ಮೂವರು ಸಂಗಡಿಗರ ಕಷ್ಟಗಳು ಒಂದೇ ಬಗೆಯವಲ್ಲ. ಲಕ್ವದ ನಂತರ ಹಲವರಿಗೆ ಪಾದದ ಮುಂಭಾಗ ಸರಿಯಾಗಿ ಮೇಲೇಳುವುದಿಲ್ಲ. ದಣಿವು ಹೆಚ್ಚಿದಂತೆ ಕಲ್ಲಿಗೆ ತೊಡರುವುದೂ ಹೆಚ್ಚುತ್ತದೆ. ಅಲ್ಲದೆ ಆ ದಣಿವು ಸ್ನಾಯುವಿನದು ಮಾತ್ರವಲ್ಲ, ಮಿದುಳಿನದೂ ಹೌದು. ಮಾತು ನಿಧಾನವಾಯಿತೆಂದರೆ ವಿಶ್ರಾಂತಿಯ ಸಮಯ ಬಂದಿತೆಂದು ತಿಳಿಯಿರಿ. ಆದರೆ ಮಾತು ಹಠಾತ್ತನೆ ತೊದಲಿದರೆ, ಮುಖ ವಾಲಿದರೆ ಅಥವಾ ಕೈ ಸೋತರೆ ಅದನ್ನು ದಣಿವೆಂದು ಭಾವಿಸದೆ ತಕ್ಷಣ ಇಲ್ಲಿನ ತುರ್ತು ಸೇವೆಯ ಸಂಖ್ಯೆ 999ಕ್ಕೆ ಕರೆ ಮಾಡಬೇಕು. ಕೃತಕ ಕಾಲಿನವರಿಗೆ ಏರಿಗಿಂತ ಇಳಿಜಾರು ಕಷ್ಟವಾಗುವುದುಂಟು. ದಿನವಿಡೀ ನಡೆದಾಗ ಮೊಂಡುಗಾಲಿನ ಗಾತ್ರ ಬದಲಾಗಿ ಅದು ಕೂರುವ ಕೃತಕ ಕಾಲಿನ ಗೂಡು ಸಡಿಲವಾಗುತ್ತದೆ, ಬೆವರಿನಿಂದ ಚರ್ಮ ಉಜ್ಜುತ್ತದೆ. ಹೆಚ್ಚುವರಿ ಕಾಲುಚೀಲಗಳೂ ಒರೆಸುವ ಬಟ್ಟೆಯೂ ಕೈಗೆಟಕುವಲ್ಲಿರಲಿ. ಕೆಲವು ಕೀಮೋ ಔಷಧಿಗಳಿಂದ ಅಂಗಾಲು ಮರಗಟ್ಟುವುದರಿಂದ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ. ನೋವಿಲ್ಲದಿದ್ದರೂ ಶೂ ಬಿಚ್ಚಿ ಪಾದ ನೋಡಿಕೊಳ್ಳಬೇಕು. ಮೂವರೂ ತಮ್ಮ ವೈದ್ಯರ ಒಪ್ಪಿಗೆ ಪಡೆದಿರುವುದು ಅಗತ್ಯ.

ಮರುಹೆಜ್ಜೆ

ನಾನು ಲಕ್ವದಿಂದ ಎದ್ದು ನಡೆಯಲು ಕಲಿತವಳು. ಇದೇ ದಾರಿಯನ್ನು ನಡೆದಿದ್ದೇನೆ. ಮೇಲಿನ ಇಬ್ಬರೂ ಹೇಳಿದ್ದು ನಿಜ. ಆದರೆ ನಿಲ್ಲಿಸುವ ಜಾಗವನ್ನು ನಮ್ಮಂಥವರಿಗಾಗಿಯೇ ಗುರುತಿಸಬೇಡಿ, ದಯವಿಟ್ಟು. ವರ್ನ್‌ಸೈಡ್‌ನ ಕಡಿದಾದ ಇಳಿಜಾರಿನಲ್ಲಿ ಮಂಡಿ ಹಿಡಿದುಕೊಂಡು ಕುಳಿತ ಆರೋಗ್ಯವಂತರನ್ನು ನಾನು ಕಂಡಿದ್ದೇನೆ. ಚಾಪೆಲ್-ಲೆ-ಡೇಲ್‌ನಲ್ಲಿ ಕೇಳುವ ಪ್ರಶ್ನೆಯನ್ನು ನಿಮ್ಮಿಂದಲೇ ಆರಂಭಿಸಿ: ನಿಮ್ಮ ಕಾಲು ಹೇಗಿದೆ, ನಿಮ್ಮಲ್ಲಿ ನೀರು ಎಷ್ಟಿದೆ ಎಂದು ನೀವು ಮೊದಲು ಹೇಳಿದರೆ ಉಳಿದವರು ಸಂಕೋಚವಿಲ್ಲದೆ ಹೇಳುತ್ತಾರೆ.

ನೆರವಿನ ವಿಷಯವನ್ನು ಬೆಟ್ಟದ ಮೇಲೆ ನಿರ್ಧರಿಸುವುದು ಬೇಡ, ಹಿಂದಿನ ವಾರ ಮನೆಯಲ್ಲಿ ಕುಳಿತು ಕೇಳಿ. ನನ್ನನ್ನು ಹಿಡಿಯುವುದಾದರೆ ದುರ್ಬಲವಾದ ಎಡಗೈಯನ್ನು ಎಳೆಯಬಾರದು, ನಾನೇ ನಿಮ್ಮ ತೋಳನ್ನು ಹಿಡಿಯುತ್ತೇನೆ ಎಂದು ನಾನು ಮೊದಲೇ ತಿಳಿಸಿದ್ದೆ. ಪೆನಿಗೆಂಟ್‌ನ ತುದಿಯಲ್ಲಿ ಕೈಯೂರಿ ಹತ್ತಬೇಕಾದ ಬಂಡೆಗಳಿವೆ. ಅಲ್ಲಿ ನನ್ನ ಹಿಂದೆ ಒಬ್ಬರು, ಮುಂದೆ ಒಬ್ಬರು ಇದ್ದರು, ಯಾರೂ ಮುಟ್ಟಲಿಲ್ಲ, ಅವಸರಪಡಿಸಲಿಲ್ಲ. ಇನ್ನೊಂದು ಮಾತು: ಮುಂದೆ ಹೋಗಿ ಕಾಯುತ್ತ ನಿಂತು, ನಾವು ತಲುಪಿದ ಕ್ಷಣವೇ ಹೊರಟುಬಿಡುವವರಿಂದ ಆಗುವ ಬೇಸರ ಅಷ್ಟಿಷ್ಟಲ್ಲ. ಅವರಿಗೆ ವಿಶ್ರಾಂತಿ ಸಿಕ್ಕಿರುತ್ತದೆ, ನಮಗೆ ಸಿಕ್ಕಿರುವುದಿಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಲಿ.

ಹಾಸನ-ಲೀಡ್ಸ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗಡುವನ್ನು ಕೈಬಿಟ್ಟಿರುವುದಾಗಿ ದಾನಿಗಳಿಗೆ ಇಂದೇ ಬರೆಯುತ್ತೇನೆ. ಶನಿವಾರ ತಂಡದವರೆಲ್ಲ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ, ಯಾರನ್ನು ಹೇಗೆ ಹಿಡಿಯಬೇಕೆಂದು ಅಂದೇ ಕೇಳುತ್ತೇನೆ. ಮೇಡಂ, ಒಂದು ಕೈಯಲ್ಲಿ ಬಲ ಕಡಿಮೆಯಿರುವವರು ಊರುಗೋಲನ್ನು ಒಂದೇ ಬಳಸುವುದು ಒಳ್ಳೆಯದೋ ಎರಡೋ?

ಮರುಹೆಜ್ಜೆ

ನಾನು ಬಳಸಿದ್ದು ಒಂದೇ, ಬಲಗೈಯಲ್ಲಿ. ನಿಮ್ಮ ಸಂಗಡಿಗರು ಚಿಕ್ಕ ಗುಡ್ಡವೊಂದರಲ್ಲಿ ಎರಡೂ ರೀತಿ ನಡೆದು ನೋಡಲಿ, ಮುಖ್ಯವಾಗಿ ಇಳಿಯುವಾಗ. ಹಾರ್ಟನ್‌ಗೆ ಮರಳುವ ಕೊನೆಯ ದಾರಿಯ ಸುಣ್ಣಕಲ್ಲು ಮಳೆ ಬಿದ್ದರೆ ಬಹಳ ಜಾರುತ್ತದೆ. ಕೋಲಿನ ತುದಿಯ ರಬ್ಬರು ಸವೆದಿದ್ದರೆ ಹೊರಡುವ ಮೊದಲೇ ಬದಲಿಸಿಕೊಳ್ಳಲು ಹೇಳಿ.