ಕೊಲಾಯ್ಡಲ್ ಸಿಲ್ವರ್: 10, 30, 500 ಪಿಪಿಎಂ ಬಾಟಲಿಗಳನ್ನು ಹೋಲಿಸುವುದು ಹೇಗೆ?

ಪ್ರಶ್ನೆ
ಕೊಲಾಯ್ಡಲ್ ಸಿಲ್ವರ್ (ಬೆಳ್ಳಿಯ ಅತಿಸಣ್ಣ ಕಣಗಳಿವೆ ಎಂದು ಹೇಳಿ ಕುಡಿಯಲು ಮಾರುವ ದ್ರವ) ಇರುವ ಮೂರು ಬಾಟಲಿ ಮುಂದಿವೆ. ಮೊದಲನೆಯದು 10 ಪಿಪಿಎಂ (ದ್ರವದಲ್ಲಿ ಬೆಳ್ಳಿ ಎಷ್ಟಿದೆ ಎಂಬ ಅಳತೆ), ನೀರಿನಷ್ಟೇ ತಿಳಿ, ಲೇಬಲ್ ಮೇಲೆ ‘ಬಣ್ಣವಿಲ್ಲದ್ದೇ ಶುದ್ಧ’. ಎರಡನೆಯದು 30 ಪಿಪಿಎಂ, ಕಡು ಹಳದಿ, ‘ನಿಜವಾದ ನ್ಯಾನೋ’. ಮೂರನೆಯದು 500 ಪಿಪಿಎಂ, ಕಂದು ಬಣ್ಣ, ಅಲುಗಾಡಿಸಿದರೆ ನೊರೆ. ಮೂರಕ್ಕೂ ದಿನಕ್ಕೆ ಮೂರು ಸಲ ಒಂದೊಂದು ಟೀ ಚಮಚ ಅಂತ ಬರೆದಿದೆ. ಪಿಪಿಎಂ ಹೆಚ್ಚಿದ್ದಷ್ಟೂ ಒಳ್ಳೆಯದೇ?

ಉತ್ತರ 1
ಇವು ಒಂದೇ ವಸ್ತುವಿನ ಮೂರು ಪ್ರಮಾಣಗಳಲ್ಲ, ಮೂರು ಬೇರೆ ವಸ್ತುಗಳು. ಪಿಪಿಎಂ ನೋಡಿ ಹೋಲಿಸಿದರೆ ದಾರಿ ತಪ್ಪುತ್ತೀರಿ.

ತಿಳಿಯಾಗಿರುವುದರಲ್ಲಿ ಬಹುಪಾಲು ಕರಗಿದ ಬೆಳ್ಳಿ ಅಯಾನುಗಳೇ (ವಿದ್ಯುದಾವೇಶವಿರುವ ಬಿಡಿ ಪರಮಾಣುಗಳು) ಇರುತ್ತವೆ, ಅಂದರೆ ಅದು ಕಲಿಲವೇ (ಕೊಲಾಯ್ಡ್, ಕಣಗಳು ಕರಗದೆ ತೇಲುವ ದ್ರವ) ಅಲ್ಲ. ಬೆಳ್ಳಿಯ ನ್ಯಾನೋಕಣಗಳು ಸುಮಾರು 400 ನ್ಯಾನೋಮೀಟರಿನ ನೇರಳೆ ಬೆಳಕನ್ನು ಹೀರುವುದರಿಂದ ನಿಜವಾದ ಕಲಿಲ ಹಳದಿಯಾಗಿ ಕಾಣುತ್ತದೆ. ಹಾಗಾಗಿ ‘ಬಣ್ಣವಿಲ್ಲದ್ದೇ ಶುದ್ಧ’ ಅನ್ನುವುದು ತಲೆಕೆಳಗಾದ ಮಾತು. ನೊರೆ ಬರುವುದು ಸಿಲ್ವರ್ ಪ್ರೋಟೀನ್: ಕಣಗಳು ತಳ ಸೇರದಿರಲಿ ಎಂದು ಜೆಲಟಿನ್ ಅಥವಾ ಕೇಸಿನ್ ಬೆರೆಸಿರುತ್ತಾರೆ.

ಪರೀಕ್ಷೆ ಸುಲಭ. ಸ್ವಲ್ಪ ದ್ರವವನ್ನು ನೀರು ಬೆರೆಸದೆ ಗಾಜಿನ ಲೋಟಕ್ಕೆ ಹಾಕಿ, ಒಂದು ಚಿಟಿಕೆ ಅಡುಗೆ ಉಪ್ಪು ಸೇರಿಸಿ, ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿ. ಬಿಳಿ ಮಬ್ಬು ಬಂದರೆ ಅದು ಸಿಲ್ವರ್ ಕ್ಲೋರೈಡ್, ಅಂದರೆ ಅಯಾನುಗಳಿದ್ದವು. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮಾಡುವುದೂ ಇದನ್ನೇ. ಹೊದಿಕೆಯಿಲ್ಲದ ಕಲಿಲವಾದರೆ ಉಪ್ಪಿಗೆ ಕಣಗಳು ಗುಂಪುಗಟ್ಟಿ ಹಳದಿ ಬೂದಾಗುತ್ತದೆ.

ಉತ್ತರ 2
ಮೇಲಿನದಕ್ಕೆ ಲೆಕ್ಕ ಸೇರಿಸುತ್ತೇನೆ. 1 ಪಿಪಿಎಂ ಅಂದರೆ ಲೀಟರಿಗೆ 1 ಮಿಲಿಗ್ರಾಂ. 5 ಮಿಲೀ ಚಮಚ ಮೂರು ಸಲ ಕುಡಿದರೆ ದಿನಕ್ಕೆ ಸೇರುವ ಬೆಳ್ಳಿ: 10 ಪಿಪಿಎಂನಲ್ಲಿ 150 ಮೈಕ್ರೋಗ್ರಾಂ, 30ರಲ್ಲಿ 450, 500ರಲ್ಲಿ 7,500.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಉಲ್ಲೇಖ ಪ್ರಮಾಣ ದೇಹದ ಪ್ರತಿ ಕಿಲೋಗೆ ದಿನಕ್ಕೆ 5 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ 300. ಎರಡನೇ ಬಾಟಲಿಯೇ ಇದನ್ನು ದಾಟಿತು, ಮೂರನೆಯದು 25 ಪಟ್ಟು. ಈ 300 ಗುರಿಯಲ್ಲ, ಮಿತಿ. ಆರ್ಜೀರಿಯಾ ಬರಬಾರದೆಂದು ಹಾಕಿದ್ದು. ಆರ್ಜೀರಿಯಾದಲ್ಲಿ ಚರ್ಮದಲ್ಲಿ ಕೂತ ಬೆಳ್ಳಿ ಬೆಳಕಿಗೆ ಬೂದು-ನೀಲಿಗೆ ತಿರುಗುತ್ತದೆ, ಅದು ತಾನಾಗಿ ಹೋಗುವುದಿಲ್ಲ. ಆದ್ದರಿಂದ ‘ಹೆಚ್ಚು ಪಿಪಿಎಂ, ಹೆಚ್ಚು ಶಕ್ತಿ’ ಅನ್ನುವ ಜಾಹೀರಾತು ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನಿಸುತ್ತದೆ.

ಪ್ರಶ್ನೆ ಕೇಳಿದವರು
ಸುಟ್ಟ ಗಾಯಕ್ಕೆ ವೈದ್ಯರೇ ಬೆಳ್ಳಿ ಮುಲಾಮು ಕೊಡುತ್ತಾರಲ್ಲ? ‘650 ಬಗೆಯ ರೋಗಾಣು ಕೊಲ್ಲುತ್ತದೆ’ ಎಂದೂ ಇದೆ. ಮತ್ತೆ, ಟಿಡಿಎಸ್ ಮೀಟರಿನಲ್ಲಿ ಪಿಪಿಎಂ ಖಚಿತ ಮಾಡಿಕೊಳ್ಳಬಹುದೇ?

ಉತ್ತರ 3
ಸಿಲ್ವರ್ ಸಲ್ಫಾಡಯಜೀನ್ ಗಾಯದ ಮೇಲೆ ಹಚ್ಚುವ ಔಷಧಿ. ಅಲ್ಲಿ ಅಯಾನು ನೇರವಾಗಿ ಬ್ಯಾಕ್ಟೀರಿಯಾಕ್ಕೆ ತಗಲುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸತ್ತ ರೋಗಾಣುಗಳ ಎಣಿಕೆಯೂ ಅಷ್ಟೇ. ಕುಡಿದ ಬೆಳ್ಳಿ ಕ್ಲೋರೈಡ್‌ಗೆ, ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ತಟ್ಟೆಯ ಫಲಿತಾಂಶ ರಕ್ತಕ್ಕೆ ಅನ್ವಯಿಸದು. ಕೊಲಾಯ್ಡಲ್ ಸಿಲ್ವರ್ ಇರುವ, ಚೀಟಿಯಿಲ್ಲದೆ ಮಾರುವ ಔಷಧಿಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ನಿಯಮ ಮಾಡಿತು. ಅಲ್ಲಿನ ಲೇಬಲ್‌ಗಳಲ್ಲಿ ರೋಗದ ಹೆಸರಿಲ್ಲದೆ ‘ರೋಗನಿರೋಧಕ ಶಕ್ತಿಗೆ’ ಎಂದಷ್ಟೇ ಇರುವುದು ಇದಕ್ಕೇ: ಆಹಾರ ಪೂರಕ ಎಂದು ಮಾರುವವರು ರೋಗ ವಾಸಿಮಾಡುತ್ತದೆ ಎನ್ನುವಂತಿಲ್ಲ.

ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ವಾಹಕತೆ. ಕಣಗಳು ಅದಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಅಯಾನುಗಳಿಗೂ ಅದು ಕೊಡುವುದು ಅಂದಾಜು ಮಾತ್ರ. ಒಟ್ಟು ಬೆಳ್ಳಿಗೆ ಐಸಿಪಿ-ಎಂಎಸ್ (ಲೋಹದ ಪ್ರಮಾಣ ಅಳೆಯುವ ಪ್ರಯೋಗಾಲಯ ಪರೀಕ್ಷೆ) ವರದಿ ಬೇಕು, ಕಣದ ಗಾತ್ರಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ. ಅಯಾನು ಶೇಕಡಾ ಎಷ್ಟು, ಕಣ ಎಷ್ಟು ಎಂದು ಬ್ಯಾಚ್ ಸಂಖ್ಯೆಯೊಂದಿಗೆ ಹೇಳದವರ ‘ನ್ಯಾನೋ’ ಪದಕ್ಕೆ ಬೆಲೆ ಕೊಡಬೇಡಿ.

ಇನ್ನೊಂದು ಮಾತು. ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ), ಟೆಟ್ರಾಸೈಕ್ಲಿನ್ ಅಥವಾ ಕ್ವಿನಲೋನ್ ಗುಂಪಿನ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರೆ ಬೆಳ್ಳಿಯಿಂದ ಅವು ದೇಹಕ್ಕೆ ಸೇರುವುದು ಕಡಿಮೆಯಾಗಬಹುದು. ಈಗಾಗಲೇ ಇದನ್ನು ಕುಡಿಯುತ್ತಿರುವವರು ವೈದ್ಯರಿಗೆ ಬಾಟಲಿಯನ್ನೇ ತೋರಿಸಿ.