ಬೇಸಿಗೆ ರಜೆಗೆ ಒಂದು ದೊಡ್ಡ ಸಿನಿಮಾ: ಎಲ್ಲಿ ನೋಡೋದು, ಎಷ್ಟು ಖರ್ಚು? ಅನುಭವ ಹೇಳಿ

ಘಾಟ್ಕೋಪರ್ ಮಾಮ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಅಕ್ಕನ ಮಕ್ಕಳು ರಜೆಗೆ ಮುಂಬೈಗೆ ಬರುತ್ತಿದ್ದಾರೆ. ಹುಡುಗಿಗೆ 13, ಹುಡುಗನಿಗೆ 9. ಜೊತೆಗೆ ಅಮ್ಮ ಇದ್ದಾರೆ, 68 ವರ್ಷ, ಮಂಡಿ ನೋವು, ಹಿಂದಿ ಅರ್ಧಂಬರ್ಧ ಅರ್ಥ ಆಗುತ್ತೆ. ನಾನು, ನನ್ನ ಹೆಂಡತಿ ಸೇರಿ ಐದು ಜನ. ಬೇಸಿಗೆಗೆ ಬರುವ ದೊಡ್ಡ ಸಿನಿಮಾ ಒಂದನ್ನಾದರೂ ತೋರಿಸಬೇಕು ಅಂತ ಆಸೆ, 3000 ದಾಟಬಾರದು. ದೈತ್ಯ ಪರದೆಯ ಐಮ್ಯಾಕ್ಸ್‌ಗೇ ಹೋಗಬೇಕಾ, ಮನೆ ಹತ್ತಿರದ ಮಾಲ್ ಸಾಕಾ? ಮೊದಲ ವಾರವೇ ನೋಡಬೇಕಾ? ನೋಡಿ ಬಂದವರು ಹೇಳಿ.

ಡೊಂಬಿವಲಿ ಲೋಕಲ್:
ಐಮ್ಯಾಕ್ಸ್. ಎರಡನೇ ಮಾತೇ ಇಲ್ಲ. 2019ರ ಏಪ್ರಿಲ್ 26, ಶುಕ್ರವಾರ, ಅವೆಂಜರ್ಸ್ ಎಂಡ್‌ಗೇಮ್ ಬಿಡುಗಡೆಯಾದ ದಿನ. ಬುಕಿಂಗ್ ಶುರುವಾದ ದಿನ ನಾನು ಆಫೀಸಿನ ಬಾತ್‌ರೂಮಿನಲ್ಲಿ ನಿಂತು 40 ನಿಮಿಷ ಫೋನ್ ಒತ್ತಿದ್ದೇನೆ. ಲೋವರ್ ಪರೇಲ್‌ನಲ್ಲಿ ಬೆಳಿಗ್ಗೆ 6:40ರ ಷೋ ಸಿಕ್ಕಿತು. ನಾಲ್ಕು ಟಿಕೆಟ್, ಒಂದಕ್ಕೆ 780, ಒಟ್ಟು 3,120. ಆ್ಯಪ್‌ನವರ ಕನ್ವೀನಿಯನ್ಸ್ ಫೀ, ಅದರ ಮೇಲೆ ಜಿಎಸ್‌ಟಿ, ಎರಡೂ ಸೇರಿ 212. ದಾದರ್‌ನಿಂದ ಟ್ಯಾಕ್ಸಿ ಹೋಗುವಾಗ 120, ಬರುವಾಗ 140. ಇಂಟರ್ವಲ್‌ನಲ್ಲಿ ಎರಡು ಪಾಪ್‌ಕಾರ್ನ್, ಎರಡು ಕೋಲ್ಡ್ರಿಂಕ್ಸ್, 1,140. ಒಟ್ಟು 4,732. ಲೋಕಲ್ ಟಿಕೆಟ್ ಇದರಲ್ಲಿ ಸೇರಿಸಿಲ್ಲ. ಮಕ್ಕಳನ್ನು ನಸುಕಿನ ಮೂರೂವರೆಗೆ ಎಬ್ಬಿಸಿದ್ದೆವು, ಚಿಕ್ಕವನು ಕಲ್ಯಾಣದಿಂದ ಬಂದ ಗಾಡಿಯಲ್ಲಿ ನಿಂತುಕೊಂಡೇ ನಿದ್ದೆ ಹೊಡೆದ.

ಆ ಸಿನಿಮಾ ಪೂರ್ತಿ ಐಮ್ಯಾಕ್ಸ್ ಕ್ಯಾಮೆರಾದಲ್ಲೇ ತೆಗೆದದ್ದು. ಮಾಮೂಲಿ ಪರದೆಯಲ್ಲಿ ನೋಡಿದರೆ ಚಿತ್ರದ ಮೇಲೆ ಕೆಳಗೆ ಕತ್ತರಿಸಿಬಿಡುತ್ತಾರೆ. ನೀವು ನೋಡಿದ್ದು ಅರ್ಧ ಸಿನಿಮಾ. ಕೊನೆಯ ಯುದ್ಧದಲ್ಲಿ ಹೀರೋಗಳೆಲ್ಲ ಒಬ್ಬೊಬ್ಬರಾಗಿ ಮಾಯದ ಬಾಗಿಲು ತೆರೆದು ಬರುವಾಗ ಇಡೀ ಹಾಲ್ ಎದ್ದು ನಿಂತಿತ್ತು, ನನ್ನ ಪಕ್ಕದ ಹುಡುಗ ಅಳುತ್ತಿದ್ದ. ಒಂದೇ ತೊಂದರೆ ಆದದ್ದು ಹೆಂಡತಿಗೆ. ಅವಳ ಮಾಮೂಲಿ ಕನ್ನಡಕದ ಮೇಲೆ ತ್ರೀಡಿ ಕನ್ನಡಕ ಕೂರಲಿಲ್ಲ. ಮೂಗಿನ ಮೇಲೆ ಒತ್ತಿ ಒತ್ತಿ ಕೆಂಪಗಾಯಿತು, ತಲೆನೋವು ಬಂತು. ಸೆಕೆಂಡ್ ಹಾಫ್ ಪೂರ್ತಿ ಕನ್ನಡಕ ತೆಗೆದು ಮಬ್ಬು ಮಬ್ಬಾದ ಪರದೆ ನೋಡುತ್ತಾ ಕೂತಿದ್ದಳು, ಮನೆಗೆ ಬರುವವರೆಗೂ ಹೇಳಲಿಲ್ಲ. ಆದರೂ ನನಗೆ ಒಂದು ರೂಪಾಯಿಯ ಬೇಜಾರಿಲ್ಲ.

ಮಾಟುಂಗಾ ಹಳಬ:
ಐದು ಸಾವಿರ ಕೊಟ್ಟು ಹೆಂಡತಿಗೆ ತಲೆನೋವು ತಂದುಕೊಟ್ಟು ಬೇಜಾರಿಲ್ಲ ಅನ್ನುತ್ತೀರಲ್ಲ ಸ್ವಾಮಿ. ಅವರನ್ನು ಕೇಳಿದಿರಾ?

ನಾನು ಈ ಊರಿಗೆ ಬಂದು 41 ವರ್ಷ. ಇಲ್ಲೇ ಅರೋರಾ ಟಾಕೀಸಿನಲ್ಲಿ ರಜನಿ ಸಿನಿಮಾ ಬಂದರೆ ಕಿಂಗ್ಸ್ ಸರ್ಕಲ್‌ವರೆಗೂ ಜನ ನಿಲ್ಲುತ್ತಿದ್ದರು, ತಮಿಳರು ತಮ್ಮ ಸಿನಿಮಾವನ್ನು ತಮ್ಮ ಭಾಷೆಯಲ್ಲೇ ನೋಡುತ್ತಿದ್ದರು. ನಾವು? 2022ರ ಏಪ್ರಿಲ್ 14ಕ್ಕೆ ಕೆಜಿಎಫ್ ಚಾಪ್ಟರ್ 2 ಬಂತು. ಅಂಬೇಡ್ಕರ್ ಜಯಂತಿ, ರಜೆ. ಕನ್ನಡದ ಸಿನಿಮಾ, ಕನ್ನಡದವರು ಮಾಡಿದ್ದು. ಮೊದಲ ದಿನ ನಾನು ಕನ್ನಡ ಷೋ ನೋಡಿದೆ, ಹಾಲ್ ಮುಕ್ಕಾಲು ತುಂಬಿತ್ತು, ಕಣ್ಣು ತುಂಬಿ ಬಂತು. ಮುಂದಿನ ವಾರ ತಂಗಿಯ ಮನೆಯವರನ್ನು ಕರೆದುಕೊಂಡು ಹೋಗೋಣ ಅಂತ ನವಿ ಮುಂಬೈಯ ಒಂದು ಮಾಲ್‌ನಲ್ಲಿ ಆರು ಟಿಕೆಟ್ ಬುಕ್ ಮಾಡಿದೆ. ಷೋಗೆ ಎರಡು ಗಂಟೆ ಇರುವಾಗ ಮೆಸೇಜ್: ಷೋ ರದ್ದು. ಹಾರ್ಬರ್ ಲೈನ್ ಗಾಡಿಯಲ್ಲಿ ಕೂತಾಗಿತ್ತು. ಫೋನ್ ಮಾಡಿ ಕೇಳಿದರೆ ಒಟ್ಟು ಏಳು ಟಿಕೆಟ್ ಹೋಗಿದೆ ಸರ್ ಅಂದರು. ಏಳರಲ್ಲಿ ಆರು ನಮ್ಮವೇ! ಟಿಕೆಟ್ ದುಡ್ಡು ಒಂಬತ್ತು ದಿನಕ್ಕೆ ವಾಪಸ್ ಬಂತು, ಫೀ 186 ರೂಪಾಯಿ ಹೋದದ್ದು ಹೋಯಿತು. ಅದೇ ಮಾಲ್‌ನಲ್ಲಿ ಅದೇ ಸಿನಿಮಾದ ಹಿಂದಿ ಷೋ ಹೌಸ್‌ಫುಲ್. ಒಳಗಿಂದ ಬರುತ್ತಿದ್ದ ಮೂರು ಸಂಸಾರ ಕನ್ನಡದಲ್ಲೇ ಮಾತಾಡುತ್ತಿದ್ದವು. ನಾನು ಕಿವಿಯಾರೆ ಕೇಳಿದೆ.

ಕನ್ನಡ ಷೋ ಇದ್ದರೆ ಕನ್ನಡದಲ್ಲೇ ನೋಡಿ. ನೋಡದಿದ್ದರೆ ಷೋ ಕೊಡುವುದನ್ನೇ ನಿಲ್ಲಿಸುತ್ತಾರೆ.

ಠಾಣೆ ಹೋಟೆಲ್ ಹುಡುಗ:
ಕಾಕಾ, ಹಿಂದಿಯಲ್ಲಿ ನೋಡಿದವರಲ್ಲಿ ನಾನೂ ಒಬ್ಬ. ಬೈದುಕೊಳ್ಳಿ. ಆದರೆ ನನ್ನ ಮಾತೂ ಕೇಳಿ.

ನಮ್ಮ ಹೋಟೆಲ್ ಬೆಳಿಗ್ಗೆ ಆರಕ್ಕೆ ತೆಗೆದರೆ ರಾತ್ರಿ ಹತ್ತೂವರೆಗೆ ಷಟರ್ ಎಳೆಯೋದು. ಕನ್ನಡ ಷೋ ಯಾವಾಗ ಹಾಕುತ್ತಾರೆ? ಮಧ್ಯಾಹ್ನ ಒಂದೂಕಾಲು, ಊಟದ ರಷ್ ಇರುವಾಗ. ಇಲ್ಲವಾದರೆ ಬೆಳಿಗ್ಗೆ ಒಂಬತ್ತೂವರೆ, ಇಡ್ಲಿ ಸ್ಟ್ಯಾಂಡ್ ಇಳಿಸುವ ಹೊತ್ತು. ರಾತ್ರಿ 11ರ ಷೋ ಹಿಂದಿಯದ್ದು ಮಾತ್ರ. ನನ್ನ ಹೆಂಡತಿ ಮರಾಠಿಯವಳು, ಕನ್ನಡ ಷೋಗೆ ಅವಳನ್ನು ಕೂರಿಸಿ ಮೂರು ಗಂಟೆ ಕಿವಿಯಲ್ಲಿ ಅರ್ಥ ಹೇಳಲಾ? ವರ್ಷಕ್ಕೆ ಒಂದು ಸಿನಿಮಾ ನೋಡುವವರು ನಾವು. ಆ ರಾತ್ರಿ ಟಿಕೆಟ್ 640, ಬೈಕ್ ಪಾರ್ಕಿಂಗ್ 60, ಎರಡು ಸಮೋಸ 180. ನಾನು ಕೆಳಗೆ ನಮ್ಮ ಹೋಟೆಲ್‌ನಲ್ಲಿ ಎರಡು ಸಮೋಸ 44ಕ್ಕೆ ಕೊಡುತ್ತೇನೆ, ಚಟ್ನಿ ಬೇರೆ. ಎರಡೂವರೆಗೆ ಮನೆ ಸೇರಿದೆ, ನಾಲ್ಕೂವರೆಗೆ ಎದ್ದೆ. ಭಾಷೆ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ನನಗೆ ಹೇಳಬೇಡಿ. ಕ್ಯಾಷ್ ಕೌಂಟರ್ ಹಿಂದೆ ರಾಜ್‌ಕುಮಾರ್ ಫೋಟೋ ಇದೆ, ದಿನಾ ಹೂ ಹಾಕುತ್ತೇನೆ.

ಮಾಟುಂಗಾ ಹಳಬ:
ಫೋಟೋಗೆ ಹೂ ಹಾಕಿದರೆ ಷೋ ನಡೆಯಲ್ಲಪ್ಪ.

ಠಾಣೆ ಹೋಟೆಲ್ ಹುಡುಗ:
ಪೆನ್ಷನ್ ಬರುವವರಿಗೆ ಮಧ್ಯಾಹ್ನ ಒಂದೂಕಾಲಿಗೆ ಸಿನಿಮಾ ನೋಡೋದು ಸುಲಭ ಕಾಕಾ. ಇನ್ನು ಮೇಲೆ ಮಾತಾಡಿಸಬೇಡಿ.

ಕೊಥ್ರೂಡ್ ಅಕ್ಕ:
ನೀವಿಬ್ಬರೂ ಜಗಳ ಆಮೇಲೆ ಆಡಿ. ಮಕ್ಕಳಿರುವವರು ಮೊದಲು ಸರ್ಟಿಫಿಕೇಟ್ ನೋಡಿ. ನನ್ನದು ಇನ್ನೂ ಹಸಿ ಗಾಯ.

ಪುಣೆ, 2024ರ ಜುಲೈ. ಅಮೆರಿಕದವರ ಬೇಸಿಗೆ ಸಿನಿಮಾಗಳು ಮೇ ತಿಂಗಳಿಂದ ಜುಲೈ ಕೊನೆವರೆಗೂ ಬರುತ್ತಲೇ ಇರುತ್ತವೆ, ನಮಗೆ ಅದು ಮಳೆಗಾಲ. 25ನೇ ತಾರೀಖು ಸಿಂಹಗಡ ರೋಡಿಗೆ ನೀರು ನುಗ್ಗಿತಲ್ಲ, ನನ್ನ ಸ್ಕೂಟರ್ ಅಲ್ಲೇ ತಂಗಿಯ ಸೊಸೈಟಿಯ ಪಾರ್ಕಿಂಗ್‌ನಲ್ಲಿತ್ತು, ಸೀಟಿನವರೆಗೆ ಕೆಸರು. ಮಗ 15ರವನು, ಡೆಡ್‌ಪೂಲ್ ಆ್ಯಂಡ್ ವುಲ್ವರಿನ್ ನೋಡಲೇಬೇಕು ಅಂತ ಎರಡು ತಿಂಗಳಿಂದ ಹಟ. ಮನೆಯವರು 28ನೇ ತಾರೀಖು ಭಾನುವಾರಕ್ಕೆ ರಿಕ್ಲೈನರ್ ಸೀಟು ಬುಕ್ ಮಾಡಿದರು. 560ರಂತೆ ನಾಲ್ಕು, 2,240. ಫೀ 170. ಕ್ಯಾಬ್ 380, ಮಳೆ ಅಂತ ಡಬಲ್ ರೇಟು. ಗೇಟಿನಲ್ಲಿ ಹುಡುಗ ಆಧಾರ್ ಕೇಳಿದ. ಎ ಸರ್ಟಿಫಿಕೇಟ್, ಹದಿನೆಂಟರ ಕೆಳಗೆ ಬಿಡಲ್ಲ ಅಂದ. ನಾವು ಜೊತೆಗಿದ್ದೇವಲ್ಲ ಅಂದೆ. ತಂದೆ ತಾಯಿ ಜೊತೆ ಇದ್ದರೂ ಎ ಸಿನಿಮಾಗೆ ಬಿಡಲ್ಲ, ನಿಯಮವೇ ಅದು. ದುಡ್ಡು ವಾಪಸ್ ಇಲ್ಲ. ಬುಕ್ ಮಾಡುವಾಗ ಆ್ಯಪ್‌ನಲ್ಲಿ ಇದೇ ಸೂಚನೆಯ ಒಂದು ಪೆಟ್ಟಿಗೆ ಬರುತ್ತೆ, ಒಪ್ಪಿಗೆ ಅಂತ ಒತ್ತಿಬಿಟ್ಟಿದ್ದಾರೆ ನಮ್ಮ ಮನೆಯವರು, ಓದದೆ.

ಮನೆಯವರು, ದೊಡ್ಡ ಮಗಳು ಒಳಗೆ ಹೋದರು, ಅವಳಿಗೆ 19. ನಾನು, ಮಗ ಫುಡ್ ಕೋರ್ಟಿನಲ್ಲಿ. ಎರಡೂವರೆ ಗಂಟೆ. ಅವನು ನನ್ನ ಮುಖ ನೋಡಲಿಲ್ಲ. ಪಿಜ್ಜಾ ತರಿಸಿದೆ, 610, ಒಂದು ತುಂಡು ತಿಂದ. ಟಿಶ್ಯೂ ಪೇಪರ್ ಹರಿದು ಹರಿದು ಟೇಬಲ್ ಮೇಲೆ ಗುಡ್ಡೆ ಹಾಕಿದ್ದ. ಅದನ್ನು ಈಗಲೂ ಮರೆಯಕ್ಕಾಗಲ್ಲ ನನಗೆ.

ಈಗ ಯುಎ ಸರ್ಟಿಫಿಕೇಟೂ ಒಂದೇ ಇಲ್ಲ, 7+, 13+, 16+ ಅಂತ ಮೂರು ಮಾಡಿದ್ದಾರೆ. ಅದು ತಂದೆ ತಾಯಿ ನೋಡಿ ತೀರ್ಮಾನ ಮಾಡಲಿ ಅಂತ ಕೊಡುವ ಸೂಚನೆ. ಎ ಮಾತ್ರ ಗೇಟಿನಲ್ಲೇ ನಿಲ್ಲಿಸುತ್ತೆ.

ಡೊಂಬಿವಲಿ ಲೋಕಲ್:
ಅಕ್ಕಾ, ತಪ್ಪು ನಿಮ್ಮ ಮನೆಯವರದ್ದು, ಸಿನಿಮಾದ್ದಲ್ಲ. ಟ್ರೈಲರ್ ನೋಡಿದರೇ ಗೊತ್ತಾಗುತ್ತಿತ್ತು.

ಕೊಥ್ರೂಡ್ ಅಕ್ಕ:
ತಪ್ಪು ಯಾರದ್ದು ಅಂತ ನಮ್ಮ ಮನೆಯಲ್ಲಿ ಸಾಕಷ್ಟು ಮಾತಾಗಿದೆ. ನಿಮ್ಮನ್ನು ಕೇಳಿರಲಿಲ್ಲ.

ವಾಸ್ಕೋದವ:
ಗೋವಾದಿಂದ ಬರೀತಿದ್ದೀನಿ. ಮುಂಬೈಯವರು ಕನ್ನಡ ಷೋ ಇಲ್ಲ ಅಂತ ಅಳಬೇಡಿ. ನಮಗೆ ಕೆಜಿಎಫ್ 2 ಹಿಂದಿಯಲ್ಲಿ ಎಷ್ಟು ಬೇಕಾದರೂ ಇತ್ತು, ಕನ್ನಡದ್ದು ನಮ್ಮ ಪಾಳಿಗೆ ಹೊಂದಲಿಲ್ಲ. ನಾವು ಐದು ಜನ, ಎಲ್ಲರೂ ವಿಜಯಪುರ ಕಡೆಯವರು. ಏಪ್ರಿಲ್ 24, ಭಾನುವಾರ, ಗಾಡಿ ತೆಗೆದುಕೊಂಡು ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೇ ಹೋದೆವು. ಪೆಟ್ರೋಲ್ 2,300. ಘಾಟಿನಲ್ಲಿ ಪಂಕ್ಚರ್, ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ, ಟೆಂಪೋದವನ ಹತ್ತಿರ ಪಂಪ್ ಇಸಿದುಕೊಂಡು ಒಂದೂಕಾಲು ಗಂಟೆ ರಸ್ತೆ ಬದಿಯಲ್ಲಿ ಕಾದೆವು, ಪಂಕ್ಚರ್ ಹಾಕಿಸಲು 450. ಟಿಕೆಟ್ 180ರಂತೆ 900. ಖಾನಾವಳಿಯಲ್ಲಿ ರೊಟ್ಟಿ ಊಟ 900. ಒಟ್ಟು 4,550, ತಲೆಗೆ 910.

ಹೀರೋ ಎಂಟ್ರಿಗೆ ಬಾಲ್ಕನಿಯಿಂದ ಹರಿದ ಕಾಗದ ಸುರಿಸಿದರು ನೋಡಿ, ನಮ್ಮ ಷರ್ಟಿನ ಜೇಬಿನಲ್ಲೆಲ್ಲ ಕಾಗದ. ತಾಯಿಯ ಮಾತು ಬರುವ ಕಡೆ ಸೀಟಿ ಹೊಡೆಯುತ್ತಿದ್ದ ಹುಡುಗರೇ ಸುಮ್ನಾದರು. ಅದು ಹಿಂದಿಯಲ್ಲಿ ಆಗಲ್ಲ. ಇನ್ನೊಂದು ಸಲ ಪಂಕ್ಚರ್ ಆದರೂ ಹೋಗ್ತೀನಿ. ಒಂದು ಕ್ಲಿಪ್ ಇದೆ, ಬೇಕಾದರೆ ಹಾಕ್ತೀನಿ.

ಮುಲುಂಡ್ ಗೃಹಿಣಿ:
ದಯವಿಟ್ಟು ಹಾಕಬೇಡಿ. ಪರದೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡೋದು ಈಗ ಅಪರಾಧ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಕನಿಷ್ಠ ಮೂರು ತಿಂಗಳು ಜೈಲು, ಮೂರು ಲಕ್ಷ ದಂಡ ಅಂತಿದೆ. ಅಲ್ಲದೆ ಮುಂದಿನ ಸಾಲಿನಲ್ಲಿ ಕೈ ಎತ್ತಿ ಫೋನ್ ಹಿಡಿದರೆ ಹಿಂದೆ ಕೂತವರಿಗೆ ಸಿನಿಮಾ ಯಾವುದು, ಫೋನ್ ಯಾವುದು?

ನನ್ನ ಸಿಟ್ಟು ಬೇರೆ. ತಿಂಡಿ. ಅತ್ತೆಗೆ ಸಕ್ಕರೆ ಕಾಯಿಲೆ, ಮೂರು ಗಂಟೆ ಹಸಿದು ಕೂರಕ್ಕಾಗಲ್ಲ. ಡಬ್ಬಿಯಲ್ಲಿ ನಾಲ್ಕು ಕೋಡುಬಳೆ, ಎರಡು ಚಪಾತಿ ಸುತ್ತಿ ಇಟ್ಟಿದ್ದೆ. ಬ್ಯಾಗ್ ಚೆಕ್ ಮಾಡುವ ಹುಡುಗಿ ತೆಗೆದು ಟೇಬಲ್ ಮೇಲೆ ಇಟ್ಟಳು, ಎಲ್ಲರ ಎದುರು. ಒಳಗೆ ಪಾಪ್‌ಕಾರ್ನ್ 420, ಉಪ್ಪು ಬಿಟ್ಟರೆ ಕ್ಯಾರಮೆಲ್. ಅತ್ತೆ ಎರಡನ್ನೂ ತಿನ್ನುವ ಹಾಗಿಲ್ಲ. 2018ರಲ್ಲಿ ಇದೇ ಮಹಾರಾಷ್ಟ್ರದ ಮಂತ್ರಿಗಳು ಸದನದಲ್ಲಿ ಹೊರಗಿನ ತಿಂಡಿಗೆ ತಡೆ ಇಲ್ಲ ಅಂದಿದ್ದರು ಅಲ್ವಾ?

ಡೊಂಬಿವಲಿ ಲೋಕಲ್:
ಅದೆಲ್ಲ ಹಳೇ ಮಾತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಹೊರಗಿನ ತಿಂಡಿ ಬೇಡ ಅನ್ನೋ ಹಕ್ಕು ಥಿಯೇಟರ್‌ನವರಿಗಿದೆ ಅಂತ. ಕುಡಿಯುವ ನೀರು ಮಾತ್ರ ಪುಕ್ಕಟೆ ಕೊಡಬೇಕು, ಎಳೆ ಮಕ್ಕಳ ಆಹಾರ ಬಿಡಬೇಕು. ಕೋಡುಬಳೆ ಎಣ್ಣೆ ಕೈ ಸೀಟಿಗೆ ಒರೆಸಿದರೆ ಯಾರು ತೊಳೆಯೋದು?

ಮುಲುಂಡ್ ಗೃಹಿಣಿ:
ನಿಮ್ಮ 1,140 ರೂಪಾಯಿ ಪಾಪ್‌ಕಾರ್ನಿನ ಬೆಣ್ಣೆ ಎಲ್ಲಿ ಒರೆಸಿದಿರಿ? ಸಕ್ಕರೆ ಇಳಿದು ಬೆವರುತ್ತಾ ಕೂತ ಮುದುಕಿಗೆ ಒಂದು ಚಪಾತಿ ಕೊಡೋದಕ್ಕೆ ಕೋರ್ಟ್ ತೀರ್ಪು ತೋರಿಸುತ್ತೀರಾ? ನೀರಿನ ಕೂಲರ್ ಇತ್ತು, ಶೌಚಾಲಯದ ಪಕ್ಕ, ಲೋಟ ಇರಲಿಲ್ಲ.

ವಾಸ್ಕೋದವ:
ಕರ್ನಾಟಕದಲ್ಲಾಗಿದ್ದರೆ ಟಿಕೆಟ್ಟೇ 200. ಅಲ್ಲಿ ಸರಕಾರ ಮಿತಿ ಹಾಕಿದೆ.

ಡೊಂಬಿವಲಿ ಲೋಕಲ್:
ಪೂರ್ತಿ ಸುದ್ದಿ ಓದಿ ಮಾರಾಯರೇ. 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಬೆಂಗಳೂರಿನ ನನ್ನ ಷಡ್ಡಕ ಆಮೇಲೂ 600 ಕೊಟ್ಟೇ ನೋಡಿದ್ದಾನೆ. ಜಿಎಸ್‌ಟಿಯೂ ಅಷ್ಟೇ, 100 ರೂಪಾಯಿ ಒಳಗಿನ ಟಿಕೆಟ್‌ಗೆ 5 ಪರ್ಸೆಂಟ್, ಮೇಲಿನದಕ್ಕೆ 18. ಮುಂಬೈಯಲ್ಲಿ 100ರ ಒಳಗೆ ಯಾವ ಮಾಲ್‌ನಲ್ಲಿ ಸಿಗುತ್ತೆ?

ಮಾಟುಂಗಾ ಹಳಬ:
ಮಾಲ್ ಬಿಡಿ. ಬಾಂದ್ರಾದ ಗೇಟಿ ಗ್ಯಾಲಕ್ಸಿಗೆ ಹೋಗಿ, ಜನರ ಜೊತೆ ಕೂತು ನೋಡಿ. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಹತ್ತು ನಿಮಿಷಕ್ಕೆ ಗೊತ್ತಾಗುತ್ತೆ.

ಘಾಟ್ಕೋಪರ್ ಮಾಮ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಅಮ್ಮನ ಮಂಡಿ ಬಗ್ಗೆ ಯಾರೂ ಹೇಳಲಿಲ್ಲ.

ಮುಲುಂಡ್ ಗೃಹಿಣಿ:
ಕೊನೇ ಸಾಲು ಹಿಡಿಯಬೇಡಿ. ಆ್ಯಪ್‌ನಲ್ಲಿ ಬೆಸ್ಟ್ ಅಂತ ತೋರಿಸುತ್ತೆ, ಅಷ್ಟೂ ಮೆಟ್ಟಿಲು, ಕತ್ತಲಲ್ಲಿ. ಕೆಲವು ಹಾಲ್‌ಗಳಲ್ಲಿ ಬಾಗಿಲು ಕೆಳಗೆ, ಕೆಲವು ಕಡೆ ಮಧ್ಯದಲ್ಲಿ. ಫೋನ್ ಮಾಡಿ ಕೇಳಿ, ಬಾಗಿಲಿನ ಮಟ್ಟದ ಸಾಲಿನಲ್ಲಿ ಅಂಚಿನ ಸೀಟು ತಗೊಳ್ಳಿ, ಕಾಲು ಚಾಚಬಹುದು. ತ್ರೀಡಿ ಬೇಡ, ಅಮ್ಮನಿಗೂ ಕನ್ನಡಕ ಇರುತ್ತೆ. ಭಾನುವಾರ ಬೇಡ, ಸೆಂಟ್ರಲ್ ಲೈನ್ ಮೆಗಾಬ್ಲಾಕ್, ಹಳಿ ರಿಪೇರಿಗೆ ಲೋಕಲ್ ಗಾಡಿ ನಿಲ್ಲಿಸಿರುತ್ತಾರೆ. ಎರಡನೇ ವಾರ ಮಂಗಳವಾರ ಬೆಳಿಗ್ಗೆ ಷೋಗೆ ನಾವು ಐದು ಜನ 1,150ರಲ್ಲಿ ಮುಗಿಸಿದ್ದೇವೆ.

ಡೊಂಬಿವಲಿ ಲೋಕಲ್:
ಎರಡನೇ ವಾರಕ್ಕೆ ಐಮ್ಯಾಕ್ಸ್‌ನಿಂದ ತೆಗೆದುಬಿಟ್ಟಿರಲೂಬಹುದು. ಆಮೇಲೆ ನನ್ನನ್ನು ಕೇಳಬೇಡಿ.

ಠಾಣೆ ಹೋಟೆಲ್ ಹುಡುಗ:
ಮಾಟುಂಗಾ ಕಾಕಾ, ರಾತ್ರಿಯೆಲ್ಲ ನಿಮ್ಮ ಏಳು ಟಿಕೆಟ್ ಮಾತೇ ತಲೆಯಲ್ಲಿತ್ತು. ಕನ್ನಡ ಷೋ ರಾತ್ರಿ 11ಕ್ಕೆ ಹಾಕಿಸಿ, ನಮ್ಮ ಹೋಟೆಲ್ ಹುಡುಗರು ಹತ್ತು ಜನ ಬರುತ್ತೇವೆ. ಹೆಂಡತಿಯನ್ನು ಇನ್ನೊಂದು ದಿನ ಹಿಂದಿಗೆ ಕರೆದುಕೊಂಡು ಹೋಗುತ್ತೇನೆ.

ಮಾಟುಂಗಾ ಹಳಬ:
ಹತ್ತು ಅಂದಿದ್ದೀಯ, ಬರೆದಿಟ್ಟುಕೊಂಡೆ. ಎಷ್ಟು ಜನ ಆದರೆ ಹಾಕುತ್ತಾರೆ ಅಂತ ನಾಳೆ ಮ್ಯಾನೇಜರ್‌ನ ಹತ್ತಿರ ಕೇಳಿಕೊಂಡು ಬರುತ್ತೇನೆ. ಘಾಟ್ಕೋಪರ್‌ನವರೇ, ನಿಮ್ಮ ಐದು ಸೇರಿಸಲಾ?