ಒಂದನೇ ತರಗತಿಯ ಮಗುವಿನ ಬರವಣಿಗೆ: ಪ್ರಶ್ನೋತ್ತರ

ಪ್ರಶ್ನೆ (ಸುರತ್ಕಲ್): ಮಗಳು ಒಂದನೇ ತರಗತಿ, ಸರಕಾರಿ ಶಾಲೆ. ಅಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಶುರು ಮಾಡಿದ್ದಾರೆ. ನಾವು ಮನೆಯಲ್ಲಿ ದಿನಾ ಎರಡು ಪುಟ ವರ್ಣಮಾಲೆ ಬರೆಸುತ್ತೇವೆ. ವ, ಮ ಅದಲುಬದಲಾಗುತ್ತದೆ. ಅರ್ಧ ಪುಟಕ್ಕೇ ಕೈನೋವು ಅನ್ನುತ್ತಾಳೆ.

ಉತ್ತರ (ಪ್ರಾಥಮಿಕ ಶಾಲಾ ಶಿಕ್ಷಕಿ): ಆ ಎರಡು ಪುಟ ಇವತ್ತೇ ನಿಲ್ಲಿಸಿ. ಶಾಲೆಯದ್ದು ನಲಿ-ಕಲಿ ಕ್ರಮ, ಅಂದರೆ ಆಟ, ಚಟುವಟಿಕೆಗಳ ಮೂಲಕ ಕಲಿಸುವ ಸರಕಾರಿ ಶಾಲೆಗಳ ಪದ್ಧತಿ. ಆ ಐದೇ ಅಕ್ಷರಗಳಲ್ಲಿ, ಕಾಗುಣಿತದ ಗೊಡವೆಯಿಲ್ಲದೆ, ಸರ, ಅರಸ, ಅಗಸ, ಗರಗಸ ಬರೆಯಬಹುದು. 49 ಅಕ್ಷರ ಮುಗಿಯುವ ತನಕ ಪದಕ್ಕಾಗಿ ಕಾಯಬೇಕಿಲ್ಲ. ನೋಡಿ ನಕಲು ಮಾಡುವ ಮಗು ಧ್ವನಿಯನ್ನು ಯೋಚಿಸುವುದೇ ಇಲ್ಲ, ಗೆರೆಯನ್ನಷ್ಟೇ ಎಳೆಯುತ್ತದೆ. ನೀವು ಪದ ಹೇಳಿ, ಅವಳು ಕೇಳಿ ಬರೆಯಲಿ. ದಿನಕ್ಕೆ ಹತ್ತು ನಿಮಿಷ, ನಾಲ್ಕೈದು ಪದ ಸಾಕು.

ವ ಗಟ್ಟಿಯಾದ ಮೇಲೆಯೇ ಮ. ವದ ಬಲತುದಿಯನ್ನು ಮೇಲಕ್ಕೆಳೆದರೆ ಮ ಆಗುತ್ತದೆಂದು ಸ್ಲೇಟಿನಲ್ಲಿ ದೊಡ್ಡದಾಗಿ, ಕೈ ಎತ್ತದೆ ಬರೆದು ತೋರಿಸಿ. ಆಮೇಲೆ ವರ, ಮರ ಎಂದು ಹೇಳಿ ಬರೆಸಿ. ಅಕ್ಷರ ತಪ್ಪಿದರೆ ಅರ್ಥವೇ ತಪ್ಪುತ್ತದೆ ಎಂಬುದು ಅವಳಿಗೇ ಗೊತ್ತಾಗುತ್ತದೆ.

ಕೈನೋವಿಗೆ ಮೊದಲು ಕಾಲು ನೋಡಿ. ಕುರ್ಚಿಯಿಂದ ಕಾಲು ಜೋತಾಡುತ್ತಿದ್ದರೆ ದೇಹಕ್ಕೆ ಆಧಾರವಿಲ್ಲದೆ ಮಗು ಪೆನ್ಸಿಲನ್ನೇ ಬಿಗಿಹಿಡಿಯುತ್ತದೆ. ಕಾಲಡಿಗೆ ಒಂದು ಮಣೆ ಇಡಿ. ಮೂರ್ನಾಲ್ಕು ಸೆಂ.ಮೀ. ಉದ್ದದ ಕ್ರೇಯಾನ್ ತುಂಡು ಕೊಡಿ. ಅದನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಮೂರು ಬೆರಳೇ ಬೇಕು. ಮಳೆಗಾಲದಲ್ಲಿ ಚೆನ್ನೆಮಣೆ (ಗುಳಿಗಳಿಗೆ ಕಾಯಿ ಹಾಕುತ್ತಾ ಆಡುವ ಮರದ ಮಣೆ) ಇಳಿಸಿ: 14 ಗುಳಿ, ಗುಳಿಗೆ ನಾಲ್ಕು ಕಾಯಿ. ಅಂಗೈಯ ಕಾಯಿಗಳನ್ನು ಒಂದೊಂದಾಗಿ ಬೆರಳತುದಿಗೆ ತಂದು ಹಾಕುವುದು ಪೆನ್ಸಿಲ್ ಆಡಿಸುವ ಸ್ನಾಯುಗಳಿಗೇ ವ್ಯಾಯಾಮ. ಹುಣಸೆಬೀಜವಾದರೂ ಆದೀತು. ಗುಲಗಂಜಿ ಮಾತ್ರ ಬೇಡವೇ ಬೇಡ, ಅದು ವಿಷ.

ಪ್ರಶ್ನೆ (ಕಾಪು): ನಮ್ಮವನು ಎಡಗೈಯಲ್ಲಿ ಬರೆಯುತ್ತಾನೆ. ಬಲಗೈಗೆ ಬದಲಿಸಬೇಕೇ?

ಉತ್ತರ: ಬೇಡ. ಪುಸ್ತಕದ ಮೇಲಂಚನ್ನು ಬಲಕ್ಕೆ ವಾಲಿಸಿ. ತುದಿಯಿಂದ ಮೂರು ಸೆಂ.ಮೀ. ಮೇಲೆ ಪೆನ್ಸಿಲ್ ಹಿಡಿಸಿ, ಬರೆದದ್ದು ಕೈಯಡಿ ಮರೆಯಾಗುವುದಿಲ್ಲ. ಬೆಂಚಿನ ಎಡತುದಿಯಲ್ಲಿ ಕೂರಿಸಲು ಶಾಲೆಯಲ್ಲಿ ಕೇಳಿಕೊಳ್ಳಿ.

ಪ್ರಶ್ನೆ (ಉಡುಪಿ): ಮನೆಮಾತು ತುಳು. ಮಗಳು ಎರಡನೇ ತರಗತಿ. ಬೆಕ್ಕಿನ ಚಿತ್ರದ ಕೆಳಗೆ ‘ಪುಚ್ಚೆ’ ಎಂದು, ಭಾರತಕ್ಕೆ ‘ಬಾರತ’ ಎಂದು ಬರೆಯುತ್ತಾಳೆ.

ಉತ್ತರ: ಪುಚ್ಚೆ ಎಂದು ತಾನೇ ಬರೆದಳೆಂದರೆ ಕೊಂಬು, ಒತ್ತು, ಎತ್ವ ಮೂರೂ ಬಂದಿವೆ! ಅದನ್ನು ಅಳಿಸಬೇಡಿ, ಪಕ್ಕದಲ್ಲಿ ‘ಬೆಕ್ಕು’ ಎಂದು ಬರೆಸಿ. ಮನೆಯ ತುಳು ಮಾತಿನಲ್ಲಿ ಮಹಾಪ್ರಾಣ ಕಿವಿಗೆ ಬೀಳುವುದೇ ಅಪರೂಪ, ಹಾಗಾಗಿ ‘ಬಾರತ’ ಅಸಡ್ಡೆಯಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಬ, ಭ ಹೇಳಿಸಿ, ಭ ಅಂದಾಗ ಉಸಿರು ತಾಗುತ್ತದೆ. ದಿನಕ್ಕೊಂದು ಜೋಡಿ ಸಾಕು.